ಹುಲಿಮುಖದ ಕಲ್ಲಿನಲ್ಲಿ ಅರೆದ ಚಟ್ನಿ

ಕುವೈತಿನ ರುಮೈಥಿಯಾದಲ್ಲಿ ನಾನು ಅಡಿಗೆಗಿದ್ದ ಮನೆಯ ಯಜಮಾನರನ್ನು ಬಾಬಾ ಎನ್ನುತ್ತಿದ್ದೆವು. ಮೆಕ್ಸಿಕೋದ ಪುರಾತನ ಕಲ್ಲಿನ ಬೋಗುಣಿಯೊಂದನ್ನು, ಅದರ ಗುಂಡುಕಲ್ಲಿನ ಸಮೇತ, ಅವರು ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ ಇಟ್ಟಿದ್ದರು. ಮೂರು ಕಾಲು, ಬದಿಯಲ್ಲಿ ಬಾಯಿ ತೆರೆದ ಹುಲಿಮುಖ. ನನ್ನ ಕಣ್ಣಿಗೆ ಅದು ಅರೆಯುವ ಕಲ್ಲೇ. ಆದರೆ ಮುಟ್ಟಲಿಕ್ಕೆ ಅಪ್ಪಣೆ ಇರಲಿಲ್ಲ.

ತೊಂಬತ್ತರಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಬಾಬಾ ಲಂಡನ್ನಿನಲ್ಲಿದ್ದರು. ಸೈನಿಕರು ಮನೆಮನೆ ಹೊಕ್ಕು ಬೆಲೆಬಾಳುವುದನ್ನೆಲ್ಲ ಹೊರುತ್ತಿದ್ದಾರೆಂದು ಕೇಳಿ, ಕಲ್ಲನ್ನು ಅಡಿಗೆಮನೆಗೆ ತಂದೆ. ಅರೆಯುವ ಕಲ್ಲು ಒಣಗಿ ಕೂತಿದ್ದರೆ ಯಾರು ನಂಬುತ್ತಾರೆ? ಒಣಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ ಹಾಕಿ ಚಟ್ನಿ ಅರೆದಿಟ್ಟೆ.

ಒಬ್ಬ ಸೈನಿಕ ಬಂದೇ ಬಂದ. ಬಂದೂಕಿನ ತುದಿಯಲ್ಲಿ ಕಲ್ಲನ್ನು ತೋರಿಸಿ, "ಇದು ಯಾರದ್ದು?" ಎಂದ.

"ನನ್ನ ಅಮ್ಮನದ್ದು," ಎಂದುಬಿಟ್ಟೆ.

ಅವನು ಅಲ್ಲೇ ಇದ್ದ ಖುಬ್ಬೂಸ್ ರೊಟ್ಟಿ ಮುರಿದು, ಚಟ್ನಿಗೆ ಅದ್ದಿ ತಿಂದ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದುಕೊಂಡೆ. "ನಮ್ಮಮ್ಮನ ಹತ್ತಿರವೂ ಒಂದು ಕಲ್ಲಿದೆ," ಎಂದು ಮೆಲ್ಲಗೆ ಹೇಳಿ, ಟೀವಿ ಹೊತ್ತುಕೊಂಡು ಹೋದ.

ಮರುವರ್ಷ ಬಾಬಾ ಮರಳಿದರು. ಎಷ್ಟು ತಿಕ್ಕಿದರೂ ಕಲ್ಲಿನ ಕೆಂಪು ಹೋಗಿರಲಿಲ್ಲ. ನಾನು ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಕಲ್ಲನ್ನು ಮೂಸಿ ನೋಡಿ, "ಪಾಪ, ಇದು ಎಷ್ಟು ಕಾಲದಿಂದ ಹಸಿದಿತ್ತೋ," ಎಂದರು.

ಅದು ಪುನಃ ಗಾಜಿನ ಪೆಟ್ಟಿಗೆ ಸೇರಿತು. ದೀಪದ ಬಿಸಿಗೆ ಸಣ್ಣಗೆ ಬೆಳ್ಳುಳ್ಳಿ ವಾಸನೆ ಬರುತ್ತಿತ್ತು. ಅತಿಥಿಗಳು ಮೂಗು ಅರಳಿಸಿದರೆ ಬಾಬಾ ಗಂಭೀರವಾಗಿ, "ಬಹಳ ಪ್ರಾಚೀನ ವಾಸನೆ," ಎನ್ನುತ್ತಿದ್ದರು. ನಾನು ಚಹಾ ಇಟ್ಟು ಒಳಗೆ ಹೋಗುತ್ತಿದ್ದೆ.