ಸೋಪಿನ ಬೆರಳು

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ ಸೋಪು ಹಚ್ಚಿದ ಬೆರಳು ಮುಟ್ಟಿಸಿದರೆ ಪುಡಿಯೆಲ್ಲ ಅಂಚಿಗೆ ಓಡುತ್ತಲ್ಲ, ಆ ಪ್ರಯೋಗ ಪ್ರತಿ ವರ್ಷ ಮಾಡಿಸಿದ್ದೀನಿ. ನೀರಿನ ಮೇಲ್ಮೈ ಎಲ್ಲ ಕಡೆ ಸಮನಾಗಿ ಬಿಗಿದಿರುತ್ತೆ. ಸೋಪು ತಾಗಿದ ಕಡೆ ಬಿಗಿ ಸಡಿಲವಾಗುತ್ತೆ, ಸುತ್ತಲಿನ ನೀರು ಅದನ್ನ ತನ್ನ ಕಡೆ ಎಳ್ಕೊಳ್ಳುತ್ತೆ. ನಿದ್ದೆಗಣ್ಣಲ್ಲೂ ಹೇಳ್ತೀನಿ.

ಮಗಳ ಸೀಮಂತ ಯಡಿಯೂರಿನ ನಮ್ಮ ಮನೆಯಲ್ಲೇ ಆಯ್ತು. ಮಹಡಿ ಮೇಲೆ ಬಾಡಿಗೆಗಿದ್ದ ಧಾರವಾಡದ ಕಡೆಯ ಹೆಂಗಸಿಗೆ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಆಕೆ ರಂಗೋಲಿ ಹಾಕಿದರೆ ಬೀದಿಯೇ ನಿಂತು ನೋಡಬೇಕು. "ನೀರಿನ ಮೇಲೆ ರಂಗೋಲಿ ಹಾಕ್ಕೊಡ್ತೀಯೇನಮ್ಮ?" ಅಂತ ನಾನೇ ಕೇಳಿದೆ.

"ನನ್ನ ಕರೀತೀರೇನ್ರೀ, ಅಕ್ಕಾರ?" ಎರಡೆರಡು ಸಲ ಕೇಳಿದಳು. ಇಂಥ ಕಾರ್ಯಕ್ಕೆ ಆಕೆಯನ್ನು ಯಾರೂ ಕರೀತಿರಲಿಲ್ಲವಂತೆ.

ಅಗಲವಾದ ಹಿತ್ತಾಳೆ ಪಾತ್ರೆಯ ನೀರಿಗೆ ಇದ್ದಿಲ ಪುಡಿ ಹರಡಿ, ಅದರ ಮೇಲೆ ಬಣ್ಣದ ತೊಟ್ಟಿಲು ಬಿಡಿಸಿದಳು. ಎರಡು ಗಂಟೆ ತಲೆ ಎತ್ತಲಿಲ್ಲ. ಆಕೆ ಸೀರೆ ಉಡೋಕೆ ಮೇಲೆ ಹೋದಾಗ, ಲೋಟ ತೊಳೀತಿದ್ದ ನಾನು ಬಂದು ನೋಡಿದೆ. ತೊಟ್ಟಿಲ ನಡುವಿನ ಹೂವಿನ ಒಂದು ಎಸಳು ಸೊಟ್ಟ ಕಂಡಿತು. ನನ್ನ ಕೈ ಸುಮ್ಮನಿರಬೇಕಲ್ಲ! ಬೆರಳಿಟ್ಟೆ. ತೊಟ್ಟಿಲು ನಡುವೆ ಸೀಳಿ ಅಂಚಿಗೆ ಓಡಿತು.

ಅಷ್ಟರಲ್ಲಿ ನಮ್ಮತ್ತೆ, ಮಗಳ ಅತ್ತೆ ಇಬ್ಬರೂ ಒಳಗೆ ಬಂದರು. "ಅಯ್ಯೋ, ತೊಟ್ಟಿಲೇ ಒಡೆದುಹೋಯ್ತಲ್ಲೇ! ಬಂಜೆ ಕೈಲಿ ಹಾಕಿಸಬೇಡ ಅಂತ ಬಡ್ಕೊಂಡೆ" ಅಂದರು ನಮ್ಮತ್ತೆ. ಹೊಸ ಸೀರೆ ಉಟ್ಟು ಮೆಟ್ಟಿಲಿಳೀತಿದ್ದ ಆಕೆ ಅಲ್ಲೇ ನಿಂತಳು.

ನನ್ನ ಕೈಯಲ್ಲಿ ಸೋಪಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ಬೀಗಿತ್ತಿ ಮುಂದೆ ಬೈಸಿಕೊಳ್ಳಬೇಕಾಗುತ್ತಲ್ಲ ಅಂತ, ಬಾಯಿಗೆ ಕಡುಬು ತುರುಕಿದವಳ ಹಾಗೆ ನಿಂತು ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಥೂ, ನಾನೂ ಒಬ್ಬಳು ಮೇಷ್ಟ್ರು! ಆಕೆ ಇಳಿದು ಬಂದು ಪಾತ್ರೆ ಎತ್ಕೊಂಡು ಹೋಗಿ ನೀರು ಚೆಲ್ಲಿದಳು.

ಮೊಮ್ಮಗಳು ಹುಟ್ಟಿದಳು, ಗುಂಡುಕಲ್ಲಿನ ಹಾಗೆ. ಈ ಸಲವಾದರೂ ಹೇಳಿಬಿಡಬೇಕು ಅಂದ್ಕೊಂಡು ನಾಮಕರಣಕ್ಕೆ ಕರೆಯೋಕೆ ಮಹಡಿ ಹತ್ತಿದೆ.

"ಕೂಸು ಆರಾಮ ಐತೇನ್ರೀ?" ಬಾಗಿಲಲ್ಲೇ ಕೇಳಿದಳು.

"ಚೆನ್ನಾಗಿದೆ ಕಣಮ್ಮ."

ಆಕೆ ಕಣ್ಣು ಒರೆಸಿಕೊಂಡಳು. "ದೇವ್ರು ದೊಡ್ಡಾಂವ್ರೀ. ನನ್ನ ಕೈಗುಣದಿಂದ ಅದಕ್ಕ ಏನರ ಆದೀತು ಅಂತ ದಿನಾ ದೀಪಾ ಹಚ್ಚಿ ಬೇಡ್ಕೋತಿದ್ದೆ."

ಆವತ್ತೂ ನಾನು ಹೇಳಲಿಲ್ಲ. ಕುಂಕುಮ ಕೊಟ್ಟು ಇಳಿದು ಬಂದೆ.