ಕೀಬೋರ್ಡಿನಿಂದ ಶುರುವಾದ ಕಂಪ್ಯೂಟರ್

ಸವಣೂರಿನಲ್ಲಿ ನಮ್ಮ ಕಾಕಾ ಮನೆಯ ಪಡಸಾಲೆಯಲ್ಲೇ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಹಾನಗಲ್ಲಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ನಾನು ಅಲ್ಲಿ ಸಂಜೆಯ ಬ್ಯಾಚಿಗೆ ಕಲಿಸುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಟೈಪಿಂಗ್ ಕಲಿತ ಹುಡುಗಿಯರು ‘ಮುಂದ ಎಲ್ಲಾ ಕಂಪ್ಯೂಟರ್ ಅಂತಲ್ರಿ’ ಎಂದು ಕೇಳತೊಡಗಿದಾಗ, ಒಂದು ಕಂಪ್ಯೂಟರ್ ತರಿಸುವುದೆಂದು ಕಾಕಾ ನಿಶ್ಚಯಿಸಿದರು. ಜೊತೆಗೇ ಇನ್ನೊಂದನ್ನೂ ನಿಶ್ಚಯಿಸಿಬಿಟ್ಟಿದ್ದರು: ಹುಬ್ಬಳ್ಳಿಯ ಅಂಗಡಿಯವರು ಮಷಿನ್ ಜೊತೆ ಒಬ್ಬ ಮಾಸ್ತರನನ್ನೂ ಕಳಿಸುತ್ತಾರೆ, ಕಂಪ್ಯೂಟರ್ ಕ್ಲಾಸು ಅವನದು. ನಾನು ಟೈಪ್‌ರೈಟರಿನ ರಿಬ್ಬನ್ ಬದಲಿಸುತ್ತ ಇರಬೇಕು.

ಆ ಕ್ಲಾಸು ನನಗೆ ಬೇಕಾಗಿತ್ತು. ಅದನ್ನು ಸುತ್ತು ಬಳಸಿ ಹೇಳುವ ಅಗತ್ಯ ಅಂದೂ ಕಾಣಲಿಲ್ಲ, ಇಂದೂ ಕಾಣುವುದಿಲ್ಲ.

“ಯಾಕ ಕಾಕಾ, ನಾ ಕಲಿಸಿದ್ರ ಶಾಕ್ ಹೊಡಿತೈತೇನು?”

“ಕಲಿಸೂದು ಆಮ್ಯಾಲಿನ ಮಾತು. ಅದು ಕೆಟ್ಟು ನಿಂತ್ರ ನೋಡಾವರು ಯಾರು? ಅದಕ್ಕ ಮಾಸ್ತರ ಬೇಕು.”

“ಬಿಡಿ ಸಾಮಾನ ತಂದು ನಾವ ಮನ್ಯಾಗ ಕೂಡಿಸಿದ್ರ? ಕೂಡಿಸಿದಾವರಿಗೆ ಬಿಚ್ಚಾಕೂ ಬರ್ತೈತಲ್ರಿ.”

ಒಳಗಿನಿಂದ ಕಾಕಾನ ಹೆಂಡತಿ, ಚಿಗವ್ವನ ದನಿ ಬಂತು. “ಮಾತ ಕೂಡಿಸಿದಷ್ಟು ಸಲೀಸ ಅಲ್ಲ ಯವ್ವಾ ಅದು.”

ಚಿಗವ್ವನಿಗೆ ಗೊತ್ತಿರಲಿಲ್ಲ, ಮಾತು ಕೂಡಿಸುವುದೇ ಹೆಚ್ಚು ಕಷ್ಟ. ಕಂಪ್ಯೂಟರ್ ಕೂಡಿಸಲು ಬೆಸುಗೆ ಕೂಡ ಬೇಡ. ಮದರ್‌ಬೋರ್ಡಿನ ಸೀಳುಗಳಿಗೆ ಕಾರ್ಡು ಒತ್ತಬೇಕು, ತಿರುಪು ಬಿಗಿಯಬೇಕು, ಚಪ್ಪಟೆ ಕೇಬಲ್ಲಿನ ಕೆಂಪು ಅಂಚು ಯಾವ ಕಡೆಗಿದೆ ಎಂದು ನೋಡಿಕೊಳ್ಳಬೇಕು. ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಾನು ಇದಕ್ಕಿಂತ ಕಠಿಣವಾದುದನ್ನು ಮಾಡಿದ್ದೆ. ಇದನ್ನೊಂದು ಗುಟ್ಟು ಎಂಬಂತೆ ಮಾರುವವರಿದ್ದರು. ಯಾರಾದರೂ ಗುಟ್ಟು ಎಂದರೆ ಮೊದಲು ಅದರ ಮುಚ್ಚಳ ತೆಗೆಯಬೇಕೆನಿಸುತ್ತದೆ ನನಗೆ.

“ಹಂಗಾರ ಅಂಗಡಿಯಾಂವನ ಮುಂದ ವಾದ ಮಾಡು,” ಎಂದರು ಕಾಕಾ. “ಅಂವ ಸುಮ್ಮನಾದ್ರ ಬಿಡಿ ಸಾಮಾನ ತರೂಣು.”

ಮಷಿನ್ ತೋರಿಸಲು ಬರುತ್ತೇನೆ ಎಂದಿದ್ದ ಅಂಗಡಿಯ ಮನುಷ್ಯನನ್ನು ನಾನು ಸಂಜೆಯ ಬ್ಯಾಚಿನ ಹೊತ್ತಿಗೇ ಕರೆಸಿದೆ. ಬಸ್ಸಿನಲ್ಲಿ ಶಿಗ್ಗಾವಿಯ ತನಕ ಸೀಟಿನ ಮೇಲಿದ್ದ ಮಾನಿಟರನ್ನು ಅಲ್ಲಿಂದ ಮುಂದೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ ಎಂದು ಹೇಳುತ್ತ ಆತ ಕಾಲು ನೀಡಿದ. ಚಿಗವ್ವ ಖಾರಾ, ಚಹಾ ಕೊಟ್ಟಳು. ಆತ ಮಷಿನ್ ಹಚ್ಚಿ ಒಂದು ಪತ್ರ ಟೈಪ್ ಮಾಡುತ್ತಲೇ ಮಾತು ಶುರು ಮಾಡಿದ.

“ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರ್ ಅಂದ್ರ ಕಪಾಟಿಲ್ಲದ ಮನಿ ಇದ್ದಂಗ ನೋಡ್ರಿ ಅಕ್ಕಾರ.”

ಹಿರೇಕೆರೂರಿನ ಚರ್ಚಾಸ್ಪರ್ಧೆಯಲ್ಲಿ ಒಮ್ಮೆ ಸೋತು ನಾನು ಕಲಿತದ್ದು ಇದು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಮುರಿಯಬೇಕು.

“ಅಷ್ಟಕ್ಕ ಯಾಕ ಬಿಟ್ರಿ, ಪೂರಾ ಹೇಳ್ರಿ. ಫ್ಲಾಪಿ ನಿಧಾನ. ಹಾಕೂದು ತಗಿಯೂದು ಬ್ಯಾಸರ. ಧೂಳ ಬಿದ್ರ ಕೆಡತೈತಿ. ಎಲ್ಲಾ ಖರೆ.”

“ನೀವು ನಮ್ಮ ಅಂಗಡಿಗೇ ಬಂದುಬಿಡ್ರಿ,” ಎಂದು ಆತ ಖುಷಿಯಿಂದ ನಕ್ಕ.

ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಊರ ಸುತ್ತಲಿನ ಎಲೆತೋಟಗಳಲ್ಲಿ ರೈತರು ಪಂಪಿನ ಸ್ಟಾರ್ಟರಿಗೆ ಕಡ್ಡಿ ಸಿಗಿಸಿಟ್ಟು ಮನೆಗೆ ಬಂದಿರುತ್ತಾರೆ. ಕರೆಂಟು ಬಂದ ಕ್ಷಣವೇ ಅಷ್ಟೂ ಪಂಪುಗಳು ಒಮ್ಮೆಲೇ ಎದ್ದು ಎಳೆಯತೊಡಗುತ್ತವೆ. ಪಡಸಾಲೆಯ ಬಲ್ಬು ಅರಿಷಿಣದ ಬಣ್ಣಕ್ಕೆ ತಿರುಗಿತು. ಪರದೆ ಸಣ್ಣದಾಗಿ ಕುಗ್ಗಿತು, ಆರಿತು. ಮತ್ತೆ ಹೊತ್ತಿಕೊಂಡಾಗ ಮಷಿನ್ ಮೊದಲಿನಿಂದ ತನ್ನ ಮೆಮೊರಿ ಎಣಿಸುತ್ತಿತ್ತು. ಪತ್ರ ಹೋಗಿತ್ತು.

“ನಿಮ್ಮ ಕಡೆ ಕರೆಂಟ ಸರಿ ಇಲ್ರಿ,” ಎಂದ.

“ಅದು ನಮ್ಮ ಪ್ರಶ್ನಾ ಐತ್ರಿ. ನೀವು ಅದನ್ನ ಉತ್ತರ ಅಂತ ಕೊಡಾಕತ್ತೀರಿ.”

ಕಾಕಾ ನನ್ನ ಕಡೆ ಓರೆಗಣ್ಣಿನಿಂದ ನೋಡಿದರು. “ಹೊತ್ತು ನೋಡೇ ಕರಿಸಿದಿ, ಹೌದಿಲ್ಲೋ?”

“ನಮ್ಮ ಬ್ಯಾಚ್ ಇದ ಹೊತ್ತಿಗೆ ಅಲ್ಲೇನ್ರಿ ಕಾಕಾ? ಕ್ಲಾಸ್ ಇಲ್ಲದ ಹೊತ್ತಿನ್ಯಾಗ ನೋಡಿ ಏನ್ ಮಾಡೂದೈತಿ?”

ಆಮೇಲೆ ನನ್ನ ವಾದ ಉದ್ದವೇನೂ ಇರಲಿಲ್ಲ. ತಿರುಗುತ್ತಿರುವಾಗ ಹೀಗೆ ದಿನವೂ ಕರೆಂಟು ಕೈಕೊಟ್ಟರೆ ಹಾರ್ಡ್ ಡಿಸ್ಕ್ ಎಷ್ಟು ದಿನ ಬಾಳೀತು? ಅದರ ದುಡ್ಡಿನಲ್ಲಿ ಮೊದಲು ಸಿ.ವಿ.ಟಿ. ಕೊಳ್ಳಬೇಕು: ವೋಲ್ಟೇಜ್ ಕುಸಿದರೂ ಮಷಿನ್ನಿಗೆ ಒಂದೇ ಸಮ ಕೊಡುವ, ಗುಂಯ್‌ಗುಡುವ ಭಾರದ ಪೆಟ್ಟಿಗೆ. ಫ್ಲಾಪಿ ಡ್ರೈವ್ ಎರಡು ಇರಲಿ. ಒಂದರಲ್ಲಿ ಪ್ರೋಗ್ರಾಂ, ಇನ್ನೊಂದರಲ್ಲಿ ಕಲಿಯುವವಳ ಸ್ವಂತ ಫ್ಲಾಪಿ. ಅವಳು ಬರೆದದ್ದು ಅವಳ ಚೀಲದಲ್ಲೇ ಮನೆಗೆ ಹೋಗುತ್ತದೆ. ಬಣ್ಣದ ಪರದೆ ಬೇಡ, ಒಂದೇ ಬಣ್ಣದ್ದರಲ್ಲಿ ಅಕ್ಷರ ಹೆಚ್ಚು ಸ್ಪಷ್ಟ. ಆತ ಖಾರಾ ತಿನ್ನುವುದನ್ನು ನಿಲ್ಲಿಸಿ ಕೇಳಿಸಿಕೊಂಡ, ಆದರೆ ಸುಮ್ಮನಾಗಲಿಲ್ಲ.

“ಎಲ್ಲಾ ಆತು, ಕೂಡಿಸಿದ್ದು ನಡೀಲಿಲ್ಲಂದ್ರ?”

“ಆವಾಗ ನಿಮ್ಮ ಮಾಸ್ತರನ್ನ ಕಳಿಸ್ರಿ,” ಎಂದರು ಕಾಕಾ, ನನಗಿಂತ ಮೊದಲು. ಬಿಡಿ ಸಾಮಾನು ತರಲು ಅವರು ಒಪ್ಪಿದ್ದರು, ಆದರೆ ಪಂದ್ಯ ಮುಗಿದಿಲ್ಲ ಎಂದು ನನಗೆ ಅರ್ಥವಾಯಿತು.

ಸಾಮಾನು ಆರಿಸಲು ನಾನು, ಕಾಕಾ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಅಂಗಡಿಯ ಯಾದಿಯಲ್ಲಿ ಮದರ್‌ಬೋರ್ಡು ಎಲ್ಲಕ್ಕಿಂತ ಮೇಲೆ, ಕೀಬೋರ್ಡು ಎಲ್ಲಕ್ಕಿಂತ ಕೆಳಗೆ. ನಾನು ಕೆಳಗಿನಿಂದ ಶುರು ಮಾಡಿದೆ.

“ಅಕ್ಕಾರ, ಕೀಬೋರ್ಡ್ ಫುಕಟ್ ಐತಿ, ಅದರ ಚಿಂತಿ ಬಿಡ್ರಿ,” ಎಂದ ಅದೇ ಮನುಷ್ಯ.

“ಫುಕಟ್ ಇದ್ದದ್ದಕ್ಕ ಚಿಂತಿ. ನಮ್ಮ ಹುಡುಗ್ಯಾರು ಮದರ್‌ಬೋರ್ಡ್ ಮುಟ್ಟಂಗಿಲ್ಲ, ಇಡೀ ದಿನ ಮುಟ್ಟೂದು ಇದನ್ನ.”

ಕಾಕಾನ ಮುಂದೆ ಎರಡು ಕೀಬೋರ್ಡ್ ಇಟ್ಟು, ಕಣ್ಣು ಮುಚ್ಚಿ ಟೈಪ್ ಮಾಡಲು ಹೇಳಿದೆ. ಪುಕ್ಕಟೆಯದರ ಮೇಲೆ ಅವರ ಬೆರಳುಗಳು ಒಂದು ಸಾಲು ಓಡಿ ನಿಂತವು.

“ಹೋಳಿಗಿ ಕಣಕದಾಗ ಬೆರಳ ಊರಿದಂಗ ಆಗತೈತಿ. ಅಕ್ಷರ ಬಿತ್ತೋ ಇಲ್ಲೋ ತಿಳಿಯಂಗಿಲ್ಲ.”

ಎರಡನೆಯದು ಪ್ರತಿ ಒತ್ತಿಗೂ ಟಕ್ ಎನ್ನುತ್ತಿತ್ತು. ಕಾಕಾ ಕಣ್ಣು ತೆರೆಯದೆಯೇ ಎರಡು ಸಾಲು ಹೊಡೆದು, “ಇದನ್ನ ಕಟ್ಟ್ರಿ,” ಎಂದರು. ಉಳಿದುದೆಲ್ಲವನ್ನೂ ಇದಕ್ಕೆ ಹೊಂದುವಂತೆ ಆರಿಸುತ್ತ ಹೋದೆ. ಪ್ರತಿಯೊಂದಕ್ಕೂ ‘ಯಾಕೆ ಬೇಡ’ ಎಂದು ಮೊದಲು ಕೇಳಿದೆ. ಬೇಡವೆನ್ನಲು ಕಾರಣ ಸಿಕ್ಕಿದ್ದು ಅಂಗಡಿಯಲ್ಲೇ ಉಳಿಯಿತು.

ಮಾನಿಟರ್ ಸ್ಟಾಕ್ ಇರಲಿಲ್ಲ. ಕೆಲವು ದಿನಗಳ ಮೇಲೆ ಅದನ್ನು ಮುಟ್ಟಿಸಲು ಆತನೇ ಬಂದ. ಅಷ್ಟರಲ್ಲಿ ಉಳಿದದ್ದನ್ನೆಲ್ಲ ಪಡಸಾಲೆಯ ಮೇಜಿನ ಮೇಲೆ ಕೂಡಿಸಿಟ್ಟಿದ್ದೆ. ಹಿಂಬದಿಯ ಕೆಂಪು ಸ್ವಿಚ್ಚು 110ರಲ್ಲಿಲ್ಲ, 220ರಲ್ಲಿದೆ ಎಂದು ನೋಡಿ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಒಳಗಿನ ಸಣ್ಣ ಸ್ಪೀಕರು ಒಂದು ಉದ್ದ, ಎರಡು ಗಿಡ್ಡ ಸದ್ದು ಮಾಡಿ ಸುಮ್ಮನಾಯಿತು.

“ಗುರುವಾರ ನಮ್ಮ ಮಾಸ್ತರ್ ಖಾಲಿ ಅದಾರ್ರಿ,” ಎಂದ ಆತ, ಬಹಳ ಮೃದುವಾಗಿ.

ಕಾಕಾ ಕುರ್ಚಿಯಿಂದ ಎದ್ದರು. “ಕೆಟ್ಟತೇನವಾ?”

“ಇಲ್ರಿ ಕಾಕಾ. ಎಲ್ಲಿ ತಪ್ಪೇತಿ ಅಂತ ತಾನ ಹೇಳಾಕತ್ತೈತಿ.”

ಆ ಸದ್ದಿನ ಅರ್ಥ ಮದರ್‌ಬೋರ್ಡಿನ ಪುಸ್ತಿಕೆಯಲ್ಲೇ ಇತ್ತು, ಓದಿದ್ದೆ: ಪರದೆಯ ಕಾರ್ಡು ಸಿಗುತ್ತಿಲ್ಲ. ಗುಂಡಿ ಆರಿಸಿ, ವೈರು ಕಿತ್ತು, ಮುಚ್ಚಳ ತೆಗೆದೆ. ಕಾರ್ಡು ಒಂದು ತುದಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಎರಡೂ ಹೆಬ್ಬೆರಳಿನಿಂದ ಒತ್ತಿ, ತಿರುಪು ಬಿಗಿದು, ಮತ್ತೆ ಹಚ್ಚಿದೆ. ಪರದೆಯ ಮೂಲೆಯಲ್ಲಿ ಅಂಕಿಗಳು ಏರತೊಡಗಿದವು.

ಅಂಗಡಿಯ ಮನುಷ್ಯ ಚೀಲ ತೆಗೆದುಕೊಂಡು, “ಹಂಗಾರ ಮಾಸ್ತರ್ಗೆ ಏನ್ ಹೇಳ್ಲಿ?” ಎಂದು ಕಾಕಾನನ್ನು ಕೇಳಿದ.

“ಬ್ಯಾಡಂತ ಹೇಳ್ರಿ.”

ಕಾಕಾ ಮೆಚ್ಚುಗೆ ಹೇಳುವ ಜಾತಿಯವರಲ್ಲ. ಆತ ಮೆಟ್ಟಿಲಿಳಿದ ಮೇಲೆ ನನ್ನ ಪಕ್ಕ ಕುರ್ಚಿ ಎಳೆದು ಕುಳಿತರು. “ಸಂಜೀ ಬ್ಯಾಚಿಗೆ ಎಷ್ಟು ಮಂದೀನ ತಗೋತಿ?”

“ಸಂಜೀದು ಅಷ್ಟ ಯಾಕ ಕಾಕಾ, ಮುಂಜಾನೀದೂ ನನಗ ಕೊಡ್ರಿ.”

“ಮುಂಜಾನೀದು ನಾ ನೋಡ್ಕೋತೇನಿ.”

“ನೀವು ಕಂಪ್ಯೂಟರ್ ಎಲ್ಲಿ ಕಲ್ತೀರಿ?”

“ಇನ್ನ ಮ್ಯಾಲ ಕಲೀತೇನಿ.”

“ಹಂಗಾರ ಸಂಜೀ ಬ್ಯಾಚಿಗೆ ಬರ್ರಿ,” ಎಂದೆ.