ಅಣ್ಣ ನೂತ ನೂಲಿನ ಸೂಟು

ಬೆಳಗಾವಿಯ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಮಾಸ್ತರಿಕೆ ಸಿಕ್ಕಿತೆಂದು ಖಾನಾಪುರದ ನಮ್ಮ ಮನೆಯವರು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರೆ, ನಾನು ಮಾತ್ರ ಅಪ್ಪನ ಮುಂದೆ ನಿಂತು ಒಂದೇ ಮಾತು ಹೇಳಿದೆ: "ನನಗೊಂದು ಸೂಟು ಬೇಕು."

ಸೂಟೆಂದರೆ ಅಳತೆ ಕೊಟ್ಟು ಹೊಲಿಸಿದ್ದು. ಕೋಟು, ಅದರೊಳಗೆ ವೇಸ್ಟ್‌ಕೋಟು, ಗೆರೆ ಮುರಿಯದ ಪಾಟಲೂನು. ನಮ್ಮೂರಲ್ಲಿ ಅಂಥದ್ದನ್ನು ತೊಟ್ಟವರೆಂದರೆ ರೈಲಿನಿಂದಿಳಿದು ಕಾಡಿನ ಕಡೆ ಹೋಗುವ ಜಂಗಲ್ ಸಾಹೇಬರಷ್ಟೇ. ಅಕ್ಕಿ ವ್ಯಾಪಾರಿಯ ಮಗನಾದ ನಾನು ಶಾಲೆಗೆ ಹೋಗುವ ದಾರಿ ಬಿಟ್ಟು ಸ್ಟೇಶನ್ನಿನ ಬೇಲಿಗೆ ಆತು ಅವರ ಕೋಟಿನ ಕಾಲರು ನೋಡುತ್ತ ಬೆಳೆದವನು.

ಅಪ್ಪ ಅಣ್ಣನ ಮುಖ ನೋಡಿದರು. ಖಾದಿಯ ಗಾಳಿ ಜೋರಾಗಿದ್ದ ಕಾಲವದು. ಅಣ್ಣ ತನ್ನ ಮದುವೆಯ ವಿಲಾಯಿತಿ ಕೋಟನ್ನು ಬೀದಿಯಲ್ಲಿ ಪರದೇಶಿ ಬಟ್ಟೆ ಸುಡುವ ಬೆಂಕಿಗೆ ಹಾಕಿ ಬಂದವನು. ದಿನಾ ಸಂಜೆ ಪಡಸಾಲೆಯಲ್ಲಿ ಚರಕದ ಮುಂದೆ ಕೂತು ನೂಲುತ್ತಿದ್ದ. ಈಗ ಬೈಗುಳದ ಮಳೆ ಸುರಿಯುತ್ತದೆಂದು ನಾನು ತಯಾರಾಗಿ ನಿಂತೆ.

"ಹೊಲಸ್ಕೋ," ಅಂದ ಅಣ್ಣ. "ಆದರ ಅರಿವಿ ನಂದು."

ಒಳಗಿನಿಂದ ಬಟ್ಟೆಯ ಒಂದು ದೊಡ್ಡ ಗಂಟು ತಂದು ನನ್ನ ಕೈಗೆ ಹಾಕಿದ. ಅವನೇ ನೂತ ನೂಲು. ಬೆಳಗಾವಿ ಪಕ್ಕದ ಶಹಾಪುರದ ನೇಕಾರರಿಗೆ ಕೊಟ್ಟು ನೇಯಿಸಿ, ಬಾದಾಮಿ ಬಣ್ಣ ಹಾಕಿಸಿದ್ದ. ತನಗೊಂದು ಹೊದಿಕೆಗೆಂದು ಇಟ್ಟುಕೊಂಡಿದ್ದನಂತೆ. ಕೈಯಾಡಿಸಿದೆ. ಹಲಸಿನ ಸಿಪ್ಪೆಯಂಥ ಮೈ. ನನ್ನ ಕನಸಿನ ನುಣುಪು ಉಣ್ಣೆ ಅಲ್ಲಿಗೇ ಸತ್ತಿತು. ಆದರೂ ಸೂಟು ಸೂಟೇ! ಮರುದಿನವೇ ರೈಲು ಹತ್ತಿದೆ. ಗಂಟು ಕಾಯುವ ನೆಪದಲ್ಲಿ ಅಣ್ಣನೂ ಹತ್ತಿದ.

ಬೆಳಗಾವಿ ಕ್ಯಾಂಪಿನ ದರ್ಜಿ ಲಷ್ಕರದ ಅಧಿಕಾರಿಗಳಿಗೆ ಹೊಲಿಯುವವನು. ಮೆಹಂದಿ ಹಚ್ಚಿದ ಗಡ್ಡ, ಕೊರಳಲ್ಲಿ ಅಳತೆ ಪಟ್ಟಿ. ಅವನ ಅಂಗಡಿಯಲ್ಲಿ ವಿಲಾಯಿತಿ ಬಟ್ಟೆಯ ತಾನುಗಳು ಮಾಡಿನವರೆಗೆ ಪೇರಿಸಿದ್ದವು. ಅವನ್ನು ನೋಡಿ ಅಣ್ಣ, "ನಾ ಇಲ್ಲೇ ನಿಂದರ್ತೀನಿ," ಎಂದು ಹೊಸ್ತಿಲ ಹೊರಗೆ ಕೈಕಟ್ಟಿ ನಿಂತ.

ದರ್ಜಿ ನಮ್ಮ ಬಟ್ಟೆ ಬಿಚ್ಚಿ ನೋಡಿದ. ನನ್ನನ್ನು ನೋಡಿದ. "ಗಾದಿ ಗವಸು ಹೊಲಸೂದೈತೇನ್ರಿ?"

"ಸೂಟು," ಅಂದೆ.

"ಇದರಾಗ?"

"ಇದರಾಗ."

ಅವನು ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟ, ಮತ್ತೆ ಹಿಸುಕಿ ಬಿಟ್ಟ. ನಿಧಾನವಾಗಿ ಮುಖದಲ್ಲೊಂದು ಹುಮ್ಮಸ್ಸು ಮೂಡಿತು. "ಇಂಥಾದ್ದು ನಾ ಯಾವತ್ತೂ ಕತ್ತರಿಸಿಲ್ಲ. ನೋಡೇ ಬಿಡೂಣು. ಕೈ ಎತ್ರಿ!"

ಆಹಾ, ಆ ಅಳತೆ! ಭುಜದಿಂದ ಭುಜಕ್ಕೆ, ಕಂಕುಳಿಂದ ಮಣಿಕಟ್ಟಿಗೆ, ಸೊಂಟದಿಂದ ಹಿಮ್ಮಡಿಗೆ. ಅಲ್ಲಿಯವರೆಗೆ ನನ್ನ ಮೈಗೆ ಇಷ್ಟೊಂದು ಭಾಗಗಳಿವೆಯೆಂದು ಯಾರೂ ಗಮನಿಸಿರಲಿಲ್ಲ. ಎದೆಯ ಅಳತೆ ಹಿಡಿದಾಗ ಪಟ್ಟಿ ಅಂಗಿಯೊಳಗಿನ ಲಿಂಗದ ಕರಡಿಗೆಗೆ ತಾಗಿತು.

"ಇದನ್ನ ತಗೀತೀರೇನು?"

"ತಗಿಯೂಹಂಗಿಲ್ರಿ."

"ಹಂಗಾರ ವೇಸ್ಟ್‌ಕೋಟಿನಾಗ ಒಂದ್ ಬೆರಳು ಸಡಿಲ ಬಿಡ್ತೀನಿ. ದೇವರಿಗೂ ಜಾಗಾ ಬೇಕಲ್ಲ," ಎಂದು ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡ.

ಟ್ರಾಯಲ್ಲಿಗೆ ಕರೆದ ದಿನ ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಅಣ್ಣನ ಜೊತೆ ಬೆಳಗಿನ ರೈಲು ಹಿಡಿದೆ. ಬಿಳಿ ದಾರದ ಕಚ್ಚಾ ಹೊಲಿಗೆಯ ಕೋಟು ತೋಳಿಗೇರಿದಾಗ, ಕನ್ನಡಿಯಲ್ಲಿ ಬಾದಾಮಿ ಬಣ್ಣದ ಒಬ್ಬ ಗೃಹಸ್ಥ ನನ್ನನ್ನೇ ನೋಡುತ್ತಿದ್ದ. ಒಂದು ತೋಳು ಇನ್ನೂ ಕೂಡಿಸಿರಲಿಲ್ಲ. ಆದರೇನು, ಹಾಗೆಯೇ ಬಜಾರಿಗೆ ಓಡಿಬಿಡಬೇಕೆನ್ನಿಸಿತು.

ಹೊರಗಿನಿಂದ ಅಣ್ಣನ ದನಿ ಬಂತು: "ಎಡಗಡೆ ಭುಜ ಏರೈತಿ ನೋಡ್ರಿ."

"ದೂರದಿಂದ ಏನು ಕಾಣತೈತಿ? ಒಳಗ ಬರ್ರಿ," ಅಂದ ದರ್ಜಿ.

ಅಣ್ಣ ಕ್ಷಣ ತಡೆದ. ಆಮೇಲೆ ಚಪ್ಪಲಿ ಕಳಚಿ, ವಿಲಾಯಿತಿ ತಾನುಗಳ ಕಡೆ ಕಣ್ಣೆತ್ತದೆ ಒಳಗೆ ಬಂದು ನನ್ನ ಸುತ್ತ ಒಂದು ಸುತ್ತು ಹಾಕಿದ.

"ಭುಜ ಸರಿ ಐತ್ರಿ," ದರ್ಜಿ ನಕ್ಕ. "ನಿಮ್ಮ ತಮ್ಮ ಖುಷಿಗೆ ಎತ್ತಿ ಹಿಡದಾನ. ಇಳಸು ಅನ್ರಿ."

ಭುಜ ಇಳಿಸಿದೆ. ಕೋಟು ಸರಿಯಾಗಿ ಕೂತಿತು. ಅಣ್ಣ ನನ್ನ ಬೆನ್ನಿನ ಮೇಲೆ ಅಂಗೈಯಿಟ್ಟು ತನ್ನ ನೂಲಿನ ಗಂಟೊಂದನ್ನು ಹೆಬ್ಬೆರಳಿನಿಂದ ಸವರಿದ.

ಸೂಟು ಕೈಗೆ ಬಂದ ದಿನ ಅದನ್ನು ತೊಟ್ಟೇ ಅಣ್ಣನ ಜೊತೆ ಊರಿಗೆ ಹೊರಟೆ. ಹೆಜ್ಜೆಗೊಮ್ಮೆ ಪಾಟಲೂನು ಸರ್ ಸರ್ ಎನ್ನುತ್ತಿತ್ತು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಸಂತೆಯ ಹೆಂಗಸರು, "ಬಸಾ ಸಾಹೇಬ, ಬಸಾ," ಎಂದು ಮರಾಠಿಯಲ್ಲಿ ಕೂರಲು ಹೇಳಿ ಬುಟ್ಟಿ ಸರಿಸಿ ಜಾಗ ಮಾಡಿದರು. ಇಸ್ತ್ರಿ ಮುರಿದೀತೆಂದು ನಡುವಿನ ದೇಸೂರು ಸ್ಟೇಶನ್ನು ದಾಟಿದರೂ ನಾನು ಕೂರಲಿಲ್ಲ. ಆ ಜಾಗದಲ್ಲಿ ಅಣ್ಣ ಹಾಯಾಗಿ ಕೂತ. ಖಾನಾಪುರದಲ್ಲಿ, ನನ್ನನ್ನು ಹುಟ್ಟಿದಾಗಿನಿಂದ ಬಲ್ಲ ಟಾಂಗಾದವನು ಸಲಾಮು ಹೊಡೆದು, "ಡಾಕ್ ಬಂಗ್ಲೇಕ ಏನ್ರಿ, ಸಾಹೇಬ್ರ?" ಎಂದ. ನಾನು ನಕ್ಕ ಮೇಲೆಯೇ ಅವನಿಗೆ ಗುರುತು ಹತ್ತಿದ್ದು. "ಏ ಮಾಸ್ತರ, ಇದೇನೋ!" ಎಂದು ಕೂಗಿದ್ದಕ್ಕೆ ಅರ್ಧ ಸ್ಟೇಶನ್ನು ತಿರುಗಿ ನೋಡಿತು.

ಮನೆಯಲ್ಲಿ ಅವ್ವ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು. ಅಪ್ಪ ಮುಂದೆ ಹಿಂದೆ ನೋಡಿ, "ಛಲೋ ಐತಿ. ಉಣ್ಣಾಕ ಕುಂದ್ರಾಕ ಬರತೈತೇನು?" ಎಂದರು. ಬರಲಿಲ್ಲ. ಚಕ್ಕಳಮಕ್ಕಳ ಹಾಕಲು ಹೋಗಿ ಅರ್ಧಕ್ಕೇ ಸಿಕ್ಕಿಕೊಂಡೆ. ಅವ್ವ ನಗುತ್ತ ಅಕ್ಕಿಯ ಚೀಲದ ಮೇಲೆ ಕೂರಿಸಿ ರೊಟ್ಟಿ ಕೈಗೆ ಕೊಟ್ಟಳು. ಎಣ್ಣೆ ತಾಗೀತೆಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದೆ.

ಉಂಡು ಕೈತೊಳೆದು ಬಂದರೆ ಗೂಟ ಖಾಲಿ.

"ನಿಮ್ಮಣ್ಣ ಧೋತರದ ಮ್ಯಾಲೆ ಹಾಕ್ಕೊಂಡು ಬಜಾರಕ್ಕ ಹೋದ್ನಪ," ಅಂದಳು ಅವ್ವ. "ನೂಲು ನಂದು ಅಂತ ಎಲ್ಲಾರಿಗೂ ತೋರಿಸಿ ಬರ್ತಾನಂತ."

ವೇಸ್ಟ್‌ಕೋಟು ಪಾಟಲೂನಿನಲ್ಲೇ ಹೊರಗೆ ಹಾರಿದೆ. ಓಣಿಯ ತಿರುವಿನಲ್ಲಿ, ನೆಂಟರೊಬ್ಬರ ಅಂಗಡಿಯ ಮುಂದೆ, ನಾಲ್ಕು ಜನರ ನಡುವೆ ಅಣ್ಣ ತೋಳು ಚಾಚಿ ನಿಂತಿದ್ದ; ಒಬ್ಬರು ಕಾಲರು ಮುಟ್ಟುತ್ತಿದ್ದರು, ಇನ್ನೊಬ್ಬರು ಗುಂಡಿ ತಿರುವುತ್ತಿದ್ದರು. ನನ್ನನ್ನು ಕಂಡದ್ದೇ ಅಣ್ಣ, "ಅಗೋ, ಉಳಿದದ್ದೂ ಬಂತು!" ಎಂದು ಕೈಬೀಸಿ ಕರೆದ. ನಾನು ಸರ್ ಸರ್ ಎಂದು ಅವನ ಕಡೆ ಓಡಿದೆ.